ಬಾವಲಿ ಮರಿಯ ದವಡೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರಿಸಲು ಎರಡು ತಿಂಗಳು ಮಾಡಿದೆ, ಬೈಯಬೇಡ. ಮೊದಲ ಮೂರು ವಾರ ಕಣ್ಣಿನ ಆಪರೇಷನ್ ನೆಪ. ಆಮೇಲಿನದ್ದು ಬರೀ ಪುಕ್ಕಲುತನ. ಮ್ಯೂಸಿಯಂನಲ್ಲಿ ನಾನು ಚಿತ್ರ ಬರೆಯುವ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದಾರೆ. ಮೂವತ್ತು ವರ್ಷ ಗೋಗರೆದರೂ ಕೊಡದ ಬೆಳಕನ್ನು ನಿವೃತ್ತಿಗೆ ಆರು ತಿಂಗಳಿರುವಾಗ ಕೊಟ್ಟ ಧಾರಾಳಿಗಳು!

ವಿಷಯಕ್ಕೆ ಬರುತ್ತೇನೆ. ಒಂಬತ್ತು ವರ್ಷದ ಹಿಂದೆ ನೀನು ಗಣಿಯ ಕಲ್ಲಿನಿಂದ ಬಿಡಿಸಿ ತೆಗೆದ, ಪಳೆಯುಳಿಕೆಯಾದ ಬಾವಲಿಯ ದವಡೆ, ಹೊಸ ಜಾತಿಯೆಂದು ತೀರ್ಮಾನಿಸಿ ತೀರಿಹೋದ ಮಗಳ ಹೆಸರಿಟ್ಟೆಯಲ್ಲ, ಅದನ್ನು ಸ್ಕ್ಯಾನಿಂಗ್ ವಿಭಾಗದ ಮೇಡಂ ಯಂತ್ರದಲ್ಲಿಟ್ಟು ನೋಡಿದರು. ನನ್ನನ್ನು ಕರೆದು ಕೂರಿಸಿ, "ಈ ಸಣ್ಣ ಹಲ್ಲುಗಳ ಕೆಳಗೆ, ಮೂಳೆ ಒಳಗೆ ಇನ್ನೊಂದು ಸಾಲು ಕಾಯ್ತಾ ಕೂತಿದೆ ನೋಡಿ. ಮೇಲಿನವು ಹಾಲುಹಲ್ಲು ಕಣ್ರೀ" ಅಂದರು. ಒಳಗಿನ ಸಾಲು ಅದೇ ಗಣಿಯಲ್ಲಿ ಮೊದಲೇ ಸಿಕ್ಕಿ ಹೆಸರು ಪಡೆದ ಬಾವಲಿಯದ್ದು. ನಿನ್ನದು ಹೊಸ ಜಾತಿಯಲ್ಲ, ಅದರ ಮರಿ. ನೀನಿಟ್ಟ ಹೆಸರು ಇನ್ನು ನಿಲ್ಲುವುದಿಲ್ಲ, ತಮ್ಮಾ. ಈ ಒಂದು ಸಾಲು ಬರೆಯಲಾಗದೆ ಎಷ್ಟು ಹಾಳೆ ಹರಿದೆನೋ ಗೊತ್ತಿಲ್ಲ.

ಮೇಡಂ ಒಳ್ಳೆಯವರು. "ಬರೆದವರೇ ತಿದ್ದಿಕೊಂಡ್ರೆ ಚೆಂದ. ತಿಂಗಳ ಕೊನೇವರೆಗೂ ಕಾಯ್ತೀನಿ" ಅಂದಿದ್ದಾರೆ. ಸಮಾಧಾನಕ್ಕೆ ಹೇಳುತ್ತಿಲ್ಲ, ಈ ಮರಿಯ ಬೆಲೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಇಂದಿನ ಎಷ್ಟೋ ಬಾವಲಿ ಮರಿಗಳ ಹಾಲುಹಲ್ಲು ಕೊಕ್ಕೆಯ ಹಾಗೆ. ಅಗಿಯುವುದಕ್ಕಲ್ಲ, ತಾಯಿಯನ್ನು ಕಚ್ಚಿ ಹಿಡಿದುಕೊಳ್ಳುವುದಕ್ಕೆ. ನಿನ್ನ ಮರಿಯದ್ದು ಅಷ್ಟು ಕೊಕ್ಕೆಯಲ್ಲ, ಆಗಷ್ಟೇ ಬಾಗತೊಡಗಿದೆ. ಕೋಟ್ಯಂತರ ವರ್ಷಗಳ ಹಿಂದೆಯೇ ಮರಿಗಳು ತಾಯಿಗೆ ಹಾಗೆ ಅಂಟಿಕೊಳ್ಳತೊಡಗಿದ್ದವು ಎನ್ನಲು ನಮ್ಮಲ್ಲಿರುವುದು ಇದೊಂದೇ ದವಡೆ. ಆ ಪ್ರಬಂಧ ನೀನೇ ಬರಿ.

ನಿನ್ನ ಹೆಂಡತಿಗೆ ವಿಷಯ ನೀನೇ ಹೇಳು. ಪತ್ರವನ್ನು ಅವಳ ಕೈಗಿಟ್ಟು ಜಾರಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ಮತ್ತೆ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಆ ದವಡೆಯ ಚಿತ್ರ ಬರೆದವಳು ನಾನೇ ಅಲ್ಲವೇ? ಕೊನೆಯ ಹಲ್ಲಿನ ಬುಡದಲ್ಲಿ ಮೂಳೆ ಬಿರಿದಿದ್ದ ಕಡೆ ಕೆಳಗಿನ ಹಲ್ಲಿನ ತುದಿ ನನಗೆ ಆಗಲೇ ಕಂಡಿತ್ತು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಯೂ ಇದ್ದೆ. ಅಷ್ಟರಲ್ಲಿ ನೀನು ಬಾಗಿಲಲ್ಲಿ ನಿಂತು, "ಅಕ್ಕಾ, ಇದಕ್ಕೆ ಅವಳ ಹೆಸರಿಡ್ತೀನಿ" ಅಂದೆ. ಮಗು ಹೋಗಿ ಏಳು ತಿಂಗಳಾಗಿತ್ತು. ನೀನಾಗಿಯೇ ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದು. ನೀನು ಆಚೆ ಹೋದಮೇಲೆ ಆ ಗುರುತನ್ನು ಅಳಿಸಿಬಿಟ್ಟೆ. ತಿದ್ದುಪಡಿಯಲ್ಲಿ ತಪ್ಪು ನನ್ನದೆಂದೇ ಬರಿ.