ಎಡೆಗಿಟ್ಟ ಬಿಯರ್ ಬಾಟಲಿ

ದೊಮ್ಮಲೂರು,
14-7-2002, ಭಾನುವಾರ

ಪ್ರೀತಿಯ ಮಗಳೇ ಸುಕನ್ಯಾ,

ಹೇಗಿದ್ದೀಯಮ್ಮ? ಕಾಲು ಊದಿಕೊಂಡಿದೆ ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದರು. ಇಳಿಯಿತೇ? ಉಪ್ಪು ಕಡಿಮೆ ಮಾಡು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು. ತುಂಬು ಬಸುರಿ ಸಾವಿನ ಮನೆಗೆ ಹೋಗಬಾರದೆಂದು ಮಾಲೂರಿನಲ್ಲಿ ನಿಮ್ಮತ್ತೆ ತಡೆದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ತಮ್ಮನ ಮುಖ ಕೊನೆಗೂ ನೋಡಲಾಗಲಿಲ್ಲವೆಂದು ಅಳುತ್ತಲೇ ಇದ್ದೀಯಂತೆ. ನಾಲ್ಕು ವರ್ಷ ಬೇಕೆಂದೇ ನೋಡದೆ ಇದ್ದು, ಸತ್ತ ಮೇಲೆ ನೋಡಿದವನು ನಾನು. ನಿನಗೆ ಸಮಾಧಾನ ಹೇಳುವ ಯೋಗ್ಯತೆ ನನಗಿಲ್ಲ. ಇಲ್ಲಿ ನಿನ್ನ ಅಮ್ಮ ಎರಡು ಹೊತ್ತು ಗಂಜಿ ಕುಡಿಯುತ್ತಾಳೆ, ನನ್ನ ಜೊತೆ ಮಾತಾಡುವುದಿಲ್ಲ.

ಶುಕ್ರವಾರ ವಸಂತನ ಹನ್ನೊಂದನೇ ದಿನದ ತಿಥಿ ಮುಗಿಯಿತು. ನೆಂಟರು ಐವತ್ತು ಜನ ಬರಬಹುದೆಂದು ಶಾಮಿಯಾನ ಹಾಕಿಸಿದ್ದೆ. ಬಂದದ್ದು ನಾನೂರಕ್ಕೂ ಮೇಲೆ. ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಹುಡುಗ ಹುಡುಗಿಯರು. ಅರ್ಧ ಹುಡುಗರ ಕೂದಲು ಇವನ ಹಾಗೆಯೇ ಹಣೆಯ ಮೇಲೆ ಬಿದ್ದಿತ್ತು. ಮನೆಯಲ್ಲಿ ಉರ್ದು, ತಮಿಳು ಆಡುವ ಮಕ್ಕಳು. ಕನ್ನಡದಲ್ಲಿ ಹಾಡಿದರೆ ನಗುತ್ತಾರೆಂದು ಇಂಗ್ಲಿಷ್ ಹಾಡನ್ನೇ ಹಾಡುತ್ತಿದ್ದವರು ಇವನ ಕ್ಯಾಸೆಟ್ ಬಂದ ಮೇಲೆ ಕನ್ನಡದ ಬ್ಯಾಂಡು ಕಟ್ಟಿದರಂತೆ. ನನ್ನ ಹತ್ತಿರ ಇದ್ದದ್ದು ಎಸ್ಸೆಸ್ಸೆಲ್ಸಿಯ ಫೋಟೋ ಒಂದೇ, ಅದಕ್ಕೇ ಹಾರ ಹಾಕಿದ್ದೆ. ಇದು ಯಾರಪ್ಪ ಎಂಬಂತೆ ಅವರೆಲ್ಲ ಮುಖ ಮುಖ ನೋಡಿಕೊಂಡರು.

ಅವನ ಆ ಹಾಡು ನಿನಗೆ ಗೊತ್ತೇ ಇದೆ. ‘ಅಪ್ಪ ಬಂದ, ಸೌಂಡ್ ಕಮ್ಮಿ ಮಾಡು.’ ತೊಂಬತ್ತೆಂಟರಲ್ಲಿ ಊರಿಗೆಲ್ಲ ಅದೇ ಹುಚ್ಚು. ಆಟೋಗಳ ಹಿಂದೆ ಬರೆಸಿದರು, ಮೇಷ್ಟ್ರು ಬಂದರೆ ಕಾಲೇಜಿನಲ್ಲೂ ಅದೇ ಮಾತು. ನಾನು ಹಾಲಿನ ಬೂತಿಗೆ ಹೋದರೂ ಪಡ್ಡೆ ಹುಡುಗರು ಅದನ್ನೇ ಕೂಗಿ ಓಡುತ್ತಿದ್ದರು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ದೊಮ್ಮಲೂರಿನಲ್ಲಿ ನನ್ನ ಮಾನ ಮೂರಾಬಟ್ಟೆಯಾಯಿತೆಂದು ಅವನನ್ನು ಮನೆಯಿಂದ ಹೊರಗೆ ಹಾಕಿದೆ.

ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕಲ್ಲ. ಅವನಿಗೆ ಏನಿಷ್ಟ ಎಂದು ಕೇಳಿದರೆ ನಿನ್ನ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನಾನೇ ಯೋಚಿಸಿ ನಾಟಿಕೋಳಿ ಸಾರು, ಬೋಟಿ ಗೊಜ್ಜು ಮಾಡಿಸಿದೆ. ಹಾಡುವವರಿಗೆ ಇದೆಲ್ಲ ಇದ್ದೇ ಇರುತ್ತದೆಂದು ಒಂದು ಪ್ಯಾಕು ಸಿಗರೇಟು, ಒಂದು ಬಿಯರ್ ಬಾಟಲಿಯನ್ನೂ ತರಿಸಿಟ್ಟೆ. ದೊಡ್ಡ ಮನಸ್ಸು ಮಾಡಿದೆನೆಂದು ಒಳಗೊಳಗೇ ಹೆಮ್ಮೆ ಬೇರೆ. ಅಷ್ಟರಲ್ಲಿ ಇವನ ಜೊತೆ ಗಿಟಾರ್ ನುಡಿಸುತ್ತಿದ್ದ ಅಕ್ತರ್, ಅವನ ತಾಯಿ ಖುರ್ಷೀದಾ ಬಂದರು. ವಸಂತ ಕೊನೆಯತನಕ ಇದ್ದದ್ದು ಶಿವಾಜಿನಗರದ ಅವರ ಮನೆಯ ಮಹಡಿಯಲ್ಲಿ. ಅಕ್ತರ್ ಎಡೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದ. ‘ಅವ್ನು ಕುಡೀತಾನೇ ಇರ್ಲಿಲ್ಲ ಅಂಕಲ್. ಲಿವರ್ ಮೊದ್ಲಿಂದಾನೂ ವೀಕು. ಎರಡು ವರ್ಷದಿಂದ ಮಟನ್, ಚಿಕನ್ ಏನೂ ಮುಟ್ಟಿರ್ಲಿಲ್ಲ’ ಎಂದ. ಕಾಮಾಲೆಯಿಂದ ಹೋದನೆಂದು ಕೇಳಿದ ತಕ್ಷಣ ನಾನು ಕುಡಿತವೇ ಅಂದುಕೊಂಡಿದ್ದೆ ಮಗಳೇ. ಕಂಡವರಿಗೆಲ್ಲ ಹಾಗೇ ಹೇಳಿಯೂ ಇದ್ದೆ.

ಖುರ್ಷೀದಾ ಕ್ಯಾರಿಯರ್ ಬಿಚ್ಚಿದರು. ಮುದ್ದೆ, ಬಸ್ಸಾರು. ‘ಮೊದ್ಲು ಗಂಟು ಗಂಟಾಗ್ತಿತ್ತು ಅಣ್ಣಾ. ಅವ್ನೇ ಪಕ್ಕದಲ್ಲಿ ನಿಂತ್ಕೊಂಡು ಕಲಿಸ್ದ. ಆದ್ರೂ ನಮ್ಮಮ್ಮನ ಸಾರಿನ ಥರ ಬರಲ್ಲ ಅಂತಿದ್ದ’ ಎಂದರು. ಬಾಟಲಿ ತೆಗೆದು ಆ ಮುದ್ದೆ ಇಟ್ಟೆ. ಹೊರಡುವಾಗ ಅಕ್ತರ್ ಇನ್ನೊಂದು ಮಾತು ಹೇಳಿದ. ‘ನಮ್ಮ ಅಬ್ಬಾನೂ ಆ ಹಾಡು ತಮ್ಮ ಮೇಲೇ ಬರೆದಿದ್ದು ಅಂತ ಮೂರು ತಿಂಗಳು ಮಾತು ಬಿಟ್ಟಿದ್ರು ಅಂಕಲ್. ಆಮೇಲೆ ಅವ್ರೇ ಗುನುಗ್ತಿದ್ರು.’ ಮೂರು ತಿಂಗಳಂತೆ. ನನಗೆ ನಾಲ್ಕು ವರ್ಷವೂ ಸಾಲಲಿಲ್ಲ.

ಬೀಗರಿಗೆ, ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಸುಸೂತ್ರವಾಗಿ ಹೆರಿಗೆಯಾಗಲಿ, ಮನೆದೇವರು ತಾಯಿ ಮಗು ಇಬ್ಬರನ್ನೂ ಕಾಯಲಿ.

ಇಂತಿ ನಿನ್ನ ಅಪ್ಪ,
ಮುನಿಆಂಜನಪ್ಪ

ವಿ.ಸೂ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಬರುತ್ತಿಲ್ಲ. ಅವನು ಹೋಗುವ ಎಂಟು ದಿನ ಮೊದಲು ಮನೆಗೆ ಫೋನ್ ಬಂದಿತ್ತು. ನಾನೇ ಎತ್ತಿದೆ. ‘ಅಪ್ಪಾ, ಅಮ್ಮಂಗೆ ಫೋನ್ ಕೊಡು, ಬಸ್ಸಾರು ಹೆಂಗ್ ಮಾಡೋದು ಅಂತ ಕೇಳ್ಬೇಕು’ ಎಂದ. ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಯಾರದು ಎಂದು ನಿನ್ನ ಅಮ್ಮ ಅಡುಗೆಮನೆಯಿಂದಲೇ ಕೇಳಿದಳು. ಅವಳಿಗೂ ರಾಂಗ್ ನಂಬರ್ ಎಂದೇ ಹೇಳಿದೆ. ಹೆರಿಗೆಯಾಗಿ ನೀನು ಇಲ್ಲಿಗೆ ಬಂದಾಗ ಪಕ್ಕದಲ್ಲಿ ಕೂತು ನೀನೇ ಅವಳಿಗೆ ಹೇಳಮ್ಮ. ನನ್ನ ಕೈಯಲ್ಲಿ ಆಗುತ್ತಿಲ್ಲ.