ಮರ್ವಿನ್‌ನ ಒಂಟಿ ರೆಕ್ಕೆ

ನವೆಂಬರ್ 3, 1986. ಬೆಳಿಗ್ಗೆ
ಚಳಿಗೆ ಕಾರಿನ ಎಂಜಿನ್ ಹೆಪ್ಪುಗಟ್ಟದಿರಲಿ ಅಂತ ಹೀಟರ್‌ಗೆ ಪ್ಲಗ್ ಹಾಕಿ ಬಂದೆ. ಓಟ್ಸ್ ಗಂಜಿಗೆ ಹೆಂಡತಿ ಡೋರೀನ್ ಉಪ್ಪು ಮರೆತಿದ್ದಾಳೆ. ಹೇಳಿದರೆ ಜಗಳ... ಅಷ್ಟರಲ್ಲಿ ಈಡಿತ್ ಫೋನ್. ಅವಳ ಗಂಡ ಮರ್ವಿನ್ ಹೋದ. ನಿದ್ದೆಯಲ್ಲೇ.

ಯುದ್ಧದಲ್ಲಿ ನಾವಿಬ್ಬರೂ ಒಂದೇ ಬಾಂಬರ್‌ನ ಗನ್ನರ್‌ಗಳು. ನಾನು ವಿಮಾನದ ಬೆನ್ನ ಮೇಲಿನ ಗೂಡಿನಲ್ಲಿ, ಅವನು ಬಾಲದಲ್ಲಿ.

ಫೋನಿನಲ್ಲೇ ಈಡಿತ್ ಕೇಳಿದಳು: "ಹಾಲ್‌ನವರು ಬಂದು ಹೂ ಇಡ್ತಾರಾ, ಆರ್ವಿಲ್? ಬಾಯಿ ಬಿಟ್ಟು ಕೇಳ್ಲಿಲ್ಲ ಅವನು. ಆಸೆ ಇತ್ತು."

ಇಡದೆ ಏನು? ಹಳೆಯ ಸೈನಿಕ ಸತ್ತರೆ ವೆಟರನ್ಸ್ ಹಾಲ್‌ನವರು ಸಾಲಾಗಿ ಬಂದು, ಸತ್ತ ಸೈನಿಕರ ನೆನಪಿಗೆ ಕೋಟಿಗೆ ಸಿಕ್ಕಿಸಿದ ಕೆಂಪು ಗಸಗಸೆ ಹೂ ತೆಗೆದು ಶವಪೆಟ್ಟಿಗೆಯ ಮೇಲಿಡುವುದು ನಮ್ಮ ಪದ್ಧತಿ. ಕೇಳುವ ಮಾತೇ ಇಲ್ಲ.

ನವೆಂಬರ್ 4
ಕೇಳಬೇಕಾಯಿತು! ಅಧ್ಯಕ್ಷ ಗ್ಲೆನ್ ಫಾರ್ಕರ್ — ಶಾಂತಿಕಾಲದಲ್ಲಿ ಸೈನ್ಯದ ಉಗ್ರಾಣದಲ್ಲಿ ಕಂಬಳಿ ಹಂಚಿ ನಿವೃತ್ತನಾದವನು — ಆಗಲ್ಲ ಅಂತ ತಲೆ ಅಲ್ಲಾಡಿಸಿದ.

"ಪುಕ್ಕಲ ಅಂತ ವಾಯುಪಡೆಯೇ ಅವ್ರನ್ನ ಹೊರಗೆ ಹಾಕಿತ್ತಲ್ವಾ? ನಾಳೆ ನಾಲ್ಕು ಜನ ನನ್ನನ್ನ ಕೇಳ್ತಾರೆ."

"ಪುಕ್ಕಲನಾ? ಹತ್ತೊಂಬತ್ತು ಸಲ ಜರ್ಮನಿ ಮೇಲೆ ಹೋಗಿ ಬಂದವನು ಕಣೋ! ನೀನು ವಿಮಾನ ಹತ್ತಿದ್ದು ಹವಾಯಿ ಪ್ರವಾಸಕ್ಕೆ!"

"ನಿಯಮ ನಾನು ಮಾಡಿದ್ದಲ್ಲ."

ಹಾಲ್‌ನ ಸದಸ್ಯರ ಟೋಪಿ ಅವನ ಮೇಜಿನ ಮೇಲೆ ಎಸೆದು ಬಂದೆ. ಡೋರೀನ್: "ಹಾಗೇ ಈ ಮಾಸಿದ ಕೋಟೂ ಎಸೆದು ಬರ್ಬಾರ್ದಿತ್ತಾ?" ನಗು ಬರಲಿಲ್ಲ.

ನವೆಂಬರ್ 5
ಮೈ ಇನ್ನೂ ಉರಿಯುತ್ತಿದೆ. ಯಾರ್ಕ್‌ಶೈರ್‌ನ ವಿಮಾನ ನೆಲೆ, ನಲವತ್ನಾಲ್ಕನೇ ಇಸವಿ... ಬಾಲದ ಗೂಡಿನಲ್ಲಿ ರಾತ್ರಿಯಿಡೀ ಮರ್ವಿನ್ ಒಬ್ಬನೇ ಕೂತು ಕತ್ತಲು ನೋಡಬೇಕು. ರೆಪ್ಪೆ ಹೆಪ್ಪುಗಟ್ಟುವ ಚಳಿ. ಕೊನೆಯ ಸಲ ಪಕ್ಕದ ವಿಮಾನ ಅವನ ಕಣ್ಣೆದುರೇ ಉರಿದು ಬಿತ್ತು. ಅದರಲ್ಲಿದ್ದವರ ಜೊತೆ ಮಧ್ಯಾಹ್ನ ಇಸ್ಪೀಟು ಆಡಿದ್ದ. ಮರುದಿನ "ಇನ್ನು ನನ್ನ ಕೈಲಾಗಲ್ಲ, ಸರ್" ಅಂದ.

ಅಷ್ಟೇ ಅಂದದ್ದು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಅವನ ಎದೆಗೆ ಹೊಲಿದಿದ್ದ ರೆಕ್ಕೆಯ ಬ್ಯಾಡ್ಜ್ ಕಿತ್ತರು. ಪೈಲಟ್‌ಗೆ ಎರಡು ರೆಕ್ಕೆ, ಗನ್ನರ್‌ಗೆ ಇದ್ದದ್ದೇ ಒಂದು. ಹೊಲಿಗೆ ಹರಿದ ಸದ್ದು ನನ್ನ ಸಾಲಿಗೂ ಕೇಳಿತು. ಕಿತ್ತ ಅಧಿಕಾರಿ ಒಂದು ರಾತ್ರಿಯೂ ಆ ಬಾಲದಲ್ಲಿ ಕೂತವನಲ್ಲ. ಥೂ!

ನವೆಂಬರ್ 7. ಸಂಜೆ
ಮಣ್ಣಾಯಿತು. ಹಾಲ್‌ನಿಂದ ಬಂದವರು ಇಬ್ಬರು — ಅದೂ ಆಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನಲು. ನಾಚಿಕೆಗೆಟ್ಟವರು.

ಒಬ್ಬನೇ ಹೋಗಿ ಹೂ ಇಟ್ಟಿದ್ದೆ. ಜೇಬಿನಿಂದ ನನ್ನ ಹಳೆಯ ರೆಕ್ಕೆ ತೆಗೆದು ಅದನ್ನೂ ಇಡಹೋದೆ. ಈಡಿತ್ ಕೈ ಹಿಡಿದಳು.

"ಮಣ್ಣಿಗೆ ಬೇಡ. ಕಿತ್ತಿದ್ದು ಎಲ್ರ ಎದುರು ತಾನೇ? ನನಗೆ ಕೊಡು."

ನವೆಂಬರ್ 11
ಸತ್ತ ಸೈನಿಕರ ಸ್ಮರಣೆಯ ದಿನ. ಯುದ್ಧ ಸ್ಮಾರಕದ ಸುತ್ತ ಇಡೀ ಊರು. ಮೌನಾಚರಣೆ ಮುಗಿದಿತ್ತು. ಈಡಿತ್ ಬಂದು ಮುಂದಿನ ಸಾಲಲ್ಲೇ ನಿಂತಳು. ಕಪ್ಪು ಕೋಟಿನ ಮೇಲೆ ನಾನು ಕೊಟ್ಟ ರೆಕ್ಕೆ, ದಪ್ಪ ದಾರದಲ್ಲಿ ಹೊಲಿದಿದ್ದಳು. ಗ್ಲೆನ್ ದಡದಡನೆ ಬಂದ.

"ಈಡಿತ್, ಅದನ್ನ ಇಲ್ಲಿ ಹಾಕೋ ಹಾಗಿಲ್ಲ. ತೆಗೀರಿ."

"ನಾನು ತೆಗೆಯಲ್ಲ. ನೀನೇ ಕಿತ್ಕೋ. ಎಲ್ರೂ ನೋಡ್ತಿದಾರೆ, ನಿಮ್ಮ ಪದ್ಧತಿ ಅದೇ ಅಲ್ವಾ?"

ಅವನ ಕೈ ಎದ್ದಿತು. "ಮುಟ್ಟು ನೋಡೋಣ" ಅಂದೆ. ಕೈ ಅಲ್ಲೇ ನಿಂತಿತು, ಆಮೇಲೆ ತನ್ನದೇ ಕೋಟಿನ ಕಡೆ ಹೋಯಿತು. ಹೂ ತೆಗೆದು ಅವಳಿಗೆ ಚಾಚಿದ.

"ನನಗ್ಯಾಕೆ? ಎಲ್ಲಿಡ್ಬೇಕೋ ಅಲ್ಲಿಡು."

ಹೂ ಹಿಡಿದು ಸ್ಮಶಾನದ ದಾರಿ ಹಿಡಿದ. ಹಿಂದೆ ಆ ಸ್ಯಾಂಡ್‌ವಿಚ್ ತಿಂದ ಇಬ್ಬರು. ಅವರ ಹಿಂದೆ, ಕೋಟಿನ ಹೂ ತೆಗೆಯುತ್ತಾ, ಹಾಲ್‌ನವರೆಲ್ಲ ಸಾಲಾಗಿ.