ನಾಲ್ಕು ಮೂಲೆಗೆ ನಾಲ್ಕು ಮಂದಿ

ಕುಷ್ಟಗಿ
೨೩ ನವೆಂಬರ್ ೨೦೨೪

ಮಗಳು ಇರ್ಫಾನಾಗೆ ನಿನ್ನ ಅಮ್ಮಿಯ ದುವಾ.

ಯಲಬುರ್ಗಾದಿಂದ ನೀನು ಬರೆದ ಎರಡು ಪತ್ರಗಳೂ ತಲುಪಿವೆ. ಉತ್ತರ ತಡವಾಯಿತು, ತಪ್ಪು ನನ್ನದೇ. ಫೋನ್ ಮಾಡೋಣವೆಂದರೆ ಗಂಟಲು ಬಾತು, ಹದಿನೈದು ದಿನ ಒಂದು ಮಾತೂ ಆಡಕೂಡದೆಂದು ಡಾಕ್ಟರು ಹೇಳಿದ್ದಾರೆ. ನಿನ್ನ ಗಂಡ ನಗುತ್ತಿರಬಹುದು, ನಗಲಿ. ಮೂರು ವರ್ಷದಿಂದ ನೀನು ಈ ಹೊಸ್ತಿಲು ತುಳಿದಿಲ್ಲ. ಆ ಮಾತು ಆಮೇಲೆ.

ಮೊದಲು ಸುದ್ದಿ ಕೇಳು, ತಡೆಯಲಾರೆ! ಹುಲಿಗಿಯ ಹೊಸ ವಸತಿಗೃಹದವರು ಕೇಳಿದ್ದ ಹನ್ನೆರಡು ಕೌದಿಗಳೂ ನಿನ್ನೆ ಹೋದವು, ಗಡುವಿಗೆ ಒಂದು ದಿನ ಮೊದಲೇ!

ನಮ್ಮ ಸಂಘದಲ್ಲಿ ನನ್ನ ಪದ್ಧತಿ ನಿನಗೆ ಗೊತ್ತು: ಒಬ್ಬಳಿಗೆ ಒಂದು ಕೌದಿ, ಎಲ್ಲರ ಮೇಲೆ ನಾನು. ಹತ್ತು ದಿನ ಉಳಿದಾಗ ನೋಡಿದರೆ ಹನ್ನೆರಡೂ ಅರ್ಧಂಬರ್ಧ, ಒಂದೂ ಮುಗಿದಿಲ್ಲ. ಕಣ್ಣು ಮಂಜಾದ ಗಾಳೆಮ್ಮನದು ಕಾಲುಭಾಗವೂ ಆಗಿರಲಿಲ್ಲ. ಆಕೆಯನ್ನು ಕೆಲಸದಿಂದ ಬಿಡಿಸುವವಳಿದ್ದೆ. ಅಷ್ಟರಲ್ಲಿ ನನ್ನ ದನಿಯೇ ಹೋಯಿತು. ಸ್ಲೇಟಿನ ಮೇಲೆ ಬೈಗುಳ ಬರೆದು ಹಿಡಿದೆ. ಮಾರೆವ್ವ ಅದನ್ನು ಮೇಲೆ ಕೆಳಗೆ ನೋಡಿ, "ಬೀಬಿ, ನಮಗ ಓದಾಕ ಬರಂಗಿಲ್ರಿ. ಇಷ್ಟು ಚೆಂದ ಬೈದಿದ್ದು ಹಾಳಾತು ನೋಡ್ರಿ" ಎಂದಳು. ಎಲ್ಲರೂ ನಕ್ಕರು. ನನ್ನೆದುರಿಗೆ!

ನಗು ನಿಂತ ಮೇಲೆ ಅವಳೇ, "ಒಬ್ಬೊಬ್ಬರಿಗೆ ಒಂದೊಂದು ಯಾಕ? ನಾಲ್ಕು ಮೂಲಿಗೆ ನಾಲ್ಕು ಮಂದಿ ಕುಂದ್ರೂಣು. ಒಂದು ಮುಗಸೂಣು, ಆಮ್ಯಾಲ ಇನ್ನೊಂದು" ಎಂದಳು.

ಬೇಡವೆನ್ನಲು ದನಿಯಿಲ್ಲ. ಮೂರು ಕೌದಿ ಹಾಸಿ, ಒಂದೊಂದಕ್ಕೆ ನಾಲ್ವರಂತೆ ಕುಳಿತೇಬಿಟ್ಟರು. ಗುಲ್ಶನಳ ಕೈ ಗೊತ್ತಲ್ಲ, ಕುದುರೆ. ಅವಳು ಓಡಿದ ಕಡೆ ಬಟ್ಟೆ ಮುದುರಿತು. ಗಾಳೆಮ್ಮ ಗದರಿದಳು: "ಏ ಹುಡುಗಿ, ಯಾವ ಬಸ್ಸು ತಪ್ಪತೈತಿ ನಿನಗ? ನನ್ನ ಸೂಜಿ ನೋಡಿ ಹಾಕು!" ನಿಧಾನದವಳ ಜೊತೆ ಉಳಿದ ಮೂವರೂ ನಡೆದರೆ ಮಾತ್ರ ಕೌದಿ ಸಪಾಟಾಗಿ ಬರುತ್ತದೆ, ಬಿಚ್ಚಿ ಹೊಲಿಯುವ ಕೆಲಸ ಉಳಿಯುವುದಿಲ್ಲ. ನಾನು ಬಿಡಿಸಬೇಕೆಂದಿದ್ದ ಮುದುಕಿಯೇ ಎಲ್ಲರಿಗೂ ಅಳತೆಯಾದಳು! ಎರಡನೆಯ ದಿನ ಸಂಜೆಗೆ ಮೂರು ಕೌದಿ ಮಡಚಿಟ್ಟೆವು.

ಐದನೆಯ ದಿನ ನಾನೂ ಕುರ್ಚಿ ಬಿಟ್ಟು ಒಂದು ಮೂಲೆಗೆ ಕುಳಿತೆ. ಮೊಣಕಾಲು ನೋಯುತ್ತದೆ. ಆದರೆ ಬಟ್ಟೆ ಎಲ್ಲಿ ಎಳೆಯುತ್ತಿದೆ ಎಂಬುದು ಅಲ್ಲಿ ಕೈಗೇ ತಿಳಿಯುತ್ತದೆ. ಕುರ್ಚಿಯಿಂದ ಇಪ್ಪತ್ತು ವರ್ಷ ತಿಳಿದಿರಲಿಲ್ಲ. ಈಗ ಇನ್ನೂ ಇಪ್ಪತ್ತನಾಲ್ಕು ಕೇಳಿದ್ದಾರೆ!

ಮಕ್ಕಳಿಗೆ ಮುತ್ತು. ಅಲ್ಲಾಹ್ ನಿನ್ನ ಕೈಗೆ ಬರಕತ್ತು ಕೊಡಲಿ.

ನಿನ್ನ ಅಮ್ಮಿ
ನಸೀಮಾಬಿ

ತಾ.ಕ.: ಈ ಬುದ್ಧಿ ಎಲ್ಲಿಂದ ಬಂತೆಂದು ಮಾರೆವ್ವನನ್ನು ಸನ್ನೆಯಲ್ಲೇ ಕೇಳಿದೆ. "ನಿಮ್ಮ ಇರ್ಫಾನಾ ಹೇಳಿದ್ದಲ್ರಿ, ಮರತ್ರೇನು?" ಎಂದಳು. ಮರೆತಿರಲಿಲ್ಲ. ಮೂರು ವರ್ಷದ ಹಿಂದೆ ನೀನು ಹೀಗೇ ನಾಲ್ವರನ್ನು ಕೂಡಿಸಿದಾಗ, ಹೊಲಿಗೆ ಡೊಂಕೆಂದು ಎಲ್ಲರೆದುರು ನಿನ್ನ ಕೈಯಿಂದಲೇ ಬಿಚ್ಚಿಸಿದೆ. ಹೊಲಿಗೆ ಡೊಂಕಿರಲಿಲ್ಲ ಇರ್ಫಾನಾ. ಅದು ನನಗೆ ಅಂದೇ ಕಂಡಿತ್ತು. ಆ ಕೌದಿಯನ್ನು ಇವತ್ತು ಪೆಟ್ಟಿಗೆಯಿಂದ ತೆಗೆದು ಹಾಸಿದ್ದೇವೆ. ಗಾಳೆಮ್ಮ, ಮಾರೆವ್ವ, ನಾನು ಕುಳಿತಿದ್ದೇವೆ. ನಾಲ್ಕನೆಯ ಮೂಲೆಗೆ ಯಾರನ್ನೂ ಕೂಡಿಸಿಲ್ಲ.